ಕ್ಷೀರಪಾನ ಪ್ರಸಂಗ

1995ರ ಸೆಪ್ಟೆಂಬರ್ 21ರಂದು ದೇಶಾದ್ಯಂತ ವಿಘ್ನೇಶ್ವರನು ಕ್ಷೀರಪಾನಕ್ಕೆ ತೊಡಗಿದನೆಂಬ ವಾರ್ತೆಯು ಸಂಶಿಯ ಕಟ್ಟೆಯ ಮೇಲೆ ಇಂದಿಗೂ ಹಳಸದೆ ಉಳಿದಿರುವುದರಿಂದ, ಗೌಡರು ಮಾಸ್ತರರನ್ನು ಕೆಣಕದೆ ಬಿಡಲಾರರು.

“ಗಣಪ್ಪ ಹಾಲು ಕುಡದದ್ದು ಸುಳ್ಳೇನ್ರಿ ಮಾಸ್ತರ?”

“ಮೇಲ್ಮೈ ಎಳೆತಕ್ಕ ಹಾಲು ಮೂರ್ತಿ ಗುಂಟ ಕೆಳಗ ಇಳೀತದರಿ ಗೌಡ್ರ. ಹಾಲಿಗೆ ಬಣ್ಣಾ ಹಾಕಿ ವಿಜ್ಞಾನಿಗಳು ತೋರಿಸ್ಯಾರ.”

“ಶಿವಶಿವಾ! ದೇವರನ್ನ ಪರೀಕ್ಷಾ ಮಾಡೂದು ಪಾಪ.”

“ಎತ್ತು ಕೊಳ್ಳುವಾಗ ಹಲ್ಲು ಎಣಿಸಿದ್ರಲ್ರಿ?”

“ಅದು ರೊಕ್ಕದ ಮಾತು!”

ರೊಕ್ಕದಲ್ಲಿ ಚಾರ್ವಾಕನೂ ಮೋಕ್ಷದಲ್ಲಿ ಮುಗ್ಧನೂ ಆಗಬಲ್ಲ ಈ ನವದ್ವೈತಕ್ಕೆ ಭಾಷ್ಯ ರಚಿಸಿದ ಆಚಾರ್ಯರಾರೋ ಕಾಣೆನು.

“1976ರಾಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡ ಪರೀಕ್ಷಾಕ್ಕ ಸಮಿತಿ ಮಾಡಿ, ಸತ್ಯ ಸಾಯಿಬಾಬಾರಿಗೆ ಪತ್ರ ಬರೆದಿದ್ರು.”

“ಉತ್ತರ?”

“ಬರಲಿಲ್ಲ.”

“ತ್ರಿಕಾಲಜ್ಞಾನಿಗೆ ಪತ್ರ ಯಾಕ್ರಿ ಬೇಕಾಗಿತ್ತು!”