ಏನರ ಕೈ ಹಚ್ಚಲೇನು?

ಕೈ ಹಚ್ಚುವ ಗಂಡ ಎಂಬ ಜಾತಿ ಎಲ್ಲ ಊರಲ್ಲೂ ಉಂಟು. ನಮ್ಮ ಉಗರಗೋಳದಲ್ಲಿ ಅದು ಮಾಘದ ಚಳಿ ಸಡಿಲಾಗಿ ಬಿಸಿಲು ಚುರುಕಾದಾಗ ಚಿಗುರುತ್ತದೆ. ಹೊಲದಲ್ಲಿ ಹಿಂಗಾರಿ ಜೋಳ, ಕಡಲೆಯ ಗದ್ದಲ. ಮಾಳಿಗೆ ಮೇಲೆ ವರ್ಷದ ಖಾರಕ್ಕೆಂದು ಹರವಿದ ಬ್ಯಾಡಗಿ ಮೆಣಸಿನಕಾಯಿ. ಅದರ ಮೇಲೆ ಭರತ ಹುಣ್ಣಿಮೆ. ಎಲ್ಲಮ್ಮನ ಗುಡ್ಡ ಮಗ್ಗುಲಲ್ಲೇ ಇರುವುದರಿಂದ, ಜೋಗುಳಭಾವಿಯಲ್ಲಿ ಮಿಂದು ಬರುವ ಬೀಗರಿಗೆಲ್ಲ ನಮ್ಮ ಮನೆ ಚಹಾ ಕುಡಿಯದೆ ಗುಡ್ಡ ಹತ್ತಲಾಗುವುದಿಲ್ಲ. ಅಂಥ ಹೊತ್ತಿಗೇ ನಮ್ಮವರು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ: "ಏನರ ಕೈ ಹಚ್ಚಲೇನು?"

"ಬ್ಯಾಡ್ರಿ" ಅಂದರೆ ಮುನಿಸು. "ಹೂಂ" ಅಂದರೆ ನನಗೆ ಇನ್ನೊಂದು ಕೆಲಸ. ಚಹಾಕ್ಕೆ ನಿಂತರೆ ಸಕ್ಕರೆ ಎಲ್ಲೈತಿ ಎಂಬ ಕೂಗು. ಮದುವೆಯಾದಾಗಿನಿಂದ ಆ ಡಬ್ಬಿ ಜಾಗ ಬಿಟ್ಟು ಅಲುಗಿಲ್ಲ.

2025ರ ಹುಣ್ಣಿಮೆ ಫೆಬ್ರುವರಿ 12ಕ್ಕೆ ಬಂದಿತ್ತು. ಅದಕ್ಕೆ ಮುಂಚೆ ಮೆಣಸಿನಕಾಯಿ ತುಂಬು ಬಿಡಿಸಲು ತಾವಾಗಿಯೇ ಕುಳಿತರು. ಮೊದಲು ಮಣೆ ಬೇಕು. ಆಮೇಲೆ ಮೂಗಿಗೆ ಕಟ್ಟಿಕೊಳ್ಳಲು ಟಾವೆಲ್. ಕೆಳಗೆ ಹಾಸಿದ ಹಳೇ ಪೇಪರ್‌ನಲ್ಲಿ ಯಾವುದೋ ಸುದ್ದಿ ಕಣ್ಣಿಗೆ ಬಿದ್ದು ಓದಿದ್ದಾಯಿತು. ಸೆಕೆ ಎಂದು ಫ್ಯಾನ್ ಹಚ್ಚಿಸಿದರು, ಬೀಜ ಹಾರಿ ಮನೆಮಂದಿಯೆಲ್ಲ ಸೀನಿದೆವು. ಬಿಡಿಸಿದ ಕಾಯಿ ತುಂಬಿನ ಗುಂಪಿಗೆ, ತುಂಬು ಕಾಯಿಯ ಬುಟ್ಟಿಗೆ. ಅಷ್ಟರಲ್ಲಿ ಫೋನು. "ಇಲ್ಲೋ ಮಾರಾಯಾ, ಪುರಸೊತ್ತ ಎಲ್ಲೈತಿ? ಮನ್ಯಾಗ ಎಲ್ಲಾ ನಾನ ನೋಡಬೇಕು" ಎಂದವರು ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರು.

ಮುಂದಿನದು ಒಂದು ಜಾತ್ರೆ. ತಣ್ಣೀರು ತಾ, ಹಾಲು ತಾ, ಅರಿವೆ ತಾ. ನಮ್ಮ ಅತ್ತೆ ನನ್ನ ಕಡೆ ತಿರುಗಿ, "ಗಂಡಸರ ಕೈಲೆ ಇಂಥಾ ಕೆಲಸ ಮಾಡಸ್ತಾರೇನವಾ?" ಅಂದರು. ಕಾಯಿ ಮತ್ತೆ ಆರಿಸಿ, ಹುರಿದು, ಗಿರಣಿಯಲ್ಲಿ ಕುಟ್ಟಿಸಿ ತಂದವಳು ನಾನು. ಹುಣ್ಣಿಮೆ ದಿನ ಬೀಗರ ಪಂಕ್ತಿಯಲ್ಲಿ ಬದನೆಕಾಯಿ ಪಲ್ಯ ಬಡಿಸುವಾಗ, "ಈ ಸಲದ ಖಾರ ನಂದು" ಎಂದವರು ಅವರು. ಇನ್ನೂ ಕೆಂಪಗಿದ್ದ ಕಣ್ಣೇ ಸಾಕ್ಷಿ.

ನವಿಲುತೀರ್ಥದ ಅಣೆಕಟ್ಟು ಇಲ್ಲೇ ಹತ್ತಿರ, ತಾಲೂಕಿನ ಮಲಪ್ರಭೆ ಅಲ್ಲೇ ನಿಂತಿದ್ದಾಳೆ. ಆದರೂ ನಮ್ಮ ನಳಾ ಬರುವುದು ತನ್ನ ಮನಸ್ಸಿಗೆ ಬಂದಾಗ, ಹೆಚ್ಚಾಗಿ ನಡುರಾತ್ರಿ. ನಾನು ಮಲಗಿದರೆ ಕಲ್ಲು, ನಳದ ಗೊರಗೊರ ನನ್ನ ಕಿವಿಗೆ ಬೀಳುವುದಿಲ್ಲ. ಬೆಳಿಗ್ಗೆ ಎದ್ದರೆ ಹಂಡೆ ತುಂಬಿರುತ್ತದೆ, ಕೊಡಗಳ ಬಾಯಿಗೆ ತಾಟು ಮುಚ್ಚಿರುತ್ತದೆ, ನೆಲದಲ್ಲಿ ಚೆಲ್ಲಿದ್ದೂ ಒರೆಸಿರುತ್ತದೆ. ಎಷ್ಟೋ ವರ್ಷದಿಂದ ಹೀಗೇ. ಅಚ್ಚರಿಯೆಂದರೆ, ನಮ್ಮವರು ಆ ಹೊತ್ತಿನಲ್ಲಿ ಯಾವ ಕೊಡ ಎಲ್ಲೈತಿ ಎಂದು ಒಮ್ಮೆಯೂ ಕೇಳಿದವರಲ್ಲ.

ಆ ಪಂಕ್ತಿಯಲ್ಲೇ ಬೀಗಿತಿಗೆ ಇದನ್ನು ಹೇಳಿದೆ. "ನೀವು ಮುಂಜಾನೆ ಜಳಕಾ ಮಾಡಿದ್ದು ಇವರು ರಾತ್ರಿ ಎದ್ದು ತುಂಬಿದ ನೀರ್ಲೇರಿ." ಎಲ್ಲರೂ ಅವರ ಮುಖ ನೋಡಿದರು. ನಮ್ಮವರ ಮುಖ ಕಣ್ಣಿಗಿಂತ ಕೆಂಪಾಯಿತು.

"ನೀರ ತುಂಬೂದು ಒಂದು ಕೆಲಸೇನ?" ಎಂದು ಗದರಿ, ಬೀಗರ ಕಡೆ ತಿರುಗಿದರು. "ಅದಿರ್ಲಿ, ಪಲ್ಲೇಕ ಖಾರ ಹೆಂಗಾಗೈತಿ, ಅದನ್ನ ಹೇಳ್ರಿ."