ಮಷಿನ್ ಮಾವ

ರೇಶನ್ ಕಾರ್ಡಿನಲ್ಲಿ ಅವರಿಗೆ ಬೇರೆ ಹೆಸರಿದೆ. ಅದು ಯಾರಿಗೂ ಬೇಕಾಗಿಲ್ಲ. ಹಿರೇಕೆರೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಅಬಲೂರಿನ ಮಷಿನ್ ಮಾವನ ಮನಿಗೆ ಹೆಂಗ ಹೋಗಬೇಕ್ರಿ’ ಎಂದರೆ ಶೇಂಗಾ ಮಾರುವವನೂ ‘ಬಂಗಾರ ಸಿಕ್ತೇನ್ರಿ ಅವರಿಗೆ?’ ಎಂದು ಮೊದಲು ವಿಚಾರಿಸಿಕೊಂಡು ಆಮೇಲೆ ದಾರಿ ಹೇಳುತ್ತಾನೆ.

ಮಾವ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ನೌಕರಿ ಮುಗಿಯುವ ತನಕ ‘ಚಿಲ್ಲರಿ ಇಲ್ರಿ, ಇಳಿಯೋ ಮುಂದ ಇಸ್ಕೋರಿ’ ಎಂದು ಟಿಕೆಟ್ಟಿನ ಬೆನ್ನಿಗೆ ಬರೆದು ಕೊಟ್ಟವರು. ಆಗ ಜನರಿಗೆ ಕೊಡದೆ ಉಳಿಸಿದ್ದನ್ನು ಈಗ ಭೂಮಿತಾಯಿಯ ಹತ್ತಿರ ಇಸಿದುಕೊಳ್ಳಲು ಹೊರಟಿದ್ದಾರೆ ಎಂಬುದು ಕಟ್ಟೆಯ ಮೇಲೆ ಕೂತವರ ತೀರ್ಮಾನ. ಮಾವ ಅದಕ್ಕೆಲ್ಲ ಕಿವಿಗೊಡುವುದಿಲ್ಲ. ಕೊಡಲು ಕಿವಿ ಖಾಲಿ ಇರುವುದೂ ಇಲ್ಲ. ಬಿಳಿ ಟೊಪ್ಪಿಗೆಯ ಮೇಲೆ ಹೆಡ್‌ಫೋನು, ಕೊರಳಲ್ಲಿ ಹಳೆಯ ಸೀಟಿ, ಮೈಮೇಲೆ ಇಲಾಖೆಯ ಖಾಕಿ ಅಂಗಿ, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟು ಅಗಲದ ಚಕ್ರ. ಹಿಂದೆ ಗುದ್ದಲಿ, ಸಲಿಕೆ ಹಿಡಿದ ಇಬ್ಬರು ಹುಡುಗರು, ಅವರ ಹಿಂದೆ ಕೆಲಸವಿಲ್ಲದವರ ಒಂದು ದಂಡು. ನೆಲದೊಳಗಿನ ಲೋಹ ಕಂಡು ಮಷಿನ್ನು ‘ಕುಂಯ್’ ಎಂದರೆ ಮಾವ ಎಡಗೈ ಎತ್ತಿ ‘ಹೋಲ್ಡಾನ್!’ ಎನ್ನುತ್ತಾರೆ. ಇಡೀ ಮೆರವಣಿಗೆ ಬ್ರೇಕ್ ಹಾಕುತ್ತದೆ. ಅಗೆಯುತ್ತಾರೆ, ಮಣ್ಣು ಪುಡಿ ಮಾಡಿ ನೋಡುತ್ತಾರೆ. ಎತ್ತಿನ ಲಾಳದ ಮೊಳೆ. ಮಾವ ಅದನ್ನು ಹೆಗಲಿನ ಚರ್ಮದ ಚೀಲಕ್ಕೆ ಹಾಕಿ, ತಗ್ಗು ಮುಚ್ಚಿಸಿ, ಸೀಟಿ ಊದಿ ‘ರೈಟ್ ರೈಟ್’ ಅಂದ ಮೇಲೆಯೇ ಎಲ್ಲರೂ ಮುಂದೆ ಹೆಜ್ಜೆ ಇಡುವುದು.

ಈ ಹುಚ್ಚು ಹತ್ತಿದ್ದು ಮೊಬೈಲಿನಿಂದ. ನಿವೃತ್ತಿಯ ನಂತರದ ಮಧ್ಯಾಹ್ನಗಳಲ್ಲಿ ಆಸ್ಟ್ರೇಲಿಯಾದವರು ಮರುಭೂಮಿಯಲ್ಲಿ ಚಕ್ರ ಆಡಿಸಿ ಬಂಗಾರದ ಗಟ್ಟಿ ಎತ್ತುವ ವಿಡಿಯೋ ನೋಡಿ ನೋಡಿ, ಮಾವನಿಗೆ ಕೆವಿನ್ ಹಿಲಿಯರ್ ಎಂಬಾತ ನಮ್ಮ ಪೈಕಿಯವನೇ ಎನ್ನುವಷ್ಟು ಸಲಿಗೆ ಬಂದಿದೆ. 1980ರಲ್ಲಿ ವಿಕ್ಟೋರಿಯಾ ಪ್ರಾಂತದ ಕಿಂಗೋವರ್ ಎಂಬ ಊರಿನ ಹತ್ತಿರ ಆತನಿಗೆ ಇಂಥದೇ ಯಂತ್ರದಿಂದ 27 ಕಿಲೋ ತೂಕದ ಒಂದೇ ಗಟ್ಟಿ ಸಿಕ್ಕಿದ್ದು ನಿಜ. ನೆಲದಿಂದ ಒಂದಡಿ ಕೆಳಗೆ ಬಿದ್ದಿತ್ತಂತೆ. ‘ಒಂದಡಿ, ಬರೇ ಒಂದಡಿ! ನಾವು ಹತ್ತಿ ಕಟಗಿ ಕೀಳಾಕ ಅಷ್ಟು ಅಗಿತೇವಲ್ರಿ’ ಎಂದು ಮಾವ ಹೊಟ್ಟೆ ಉರಿದುಕೊಳ್ಳುತ್ತಾರೆ.

ನಮ್ಮ ನೆಲದಲ್ಲಿ ಬಂಗಾರ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಮಾವನ ಬಲವೂ ಅದೇ. ಹಾವೇರಿಯ ಮಗ್ಗುಲಲ್ಲೇ ಇರುವ ಗಣಜೂರಿನಲ್ಲಿ ನಿಕ್ಷೇಪ ಇದೆಯೆಂದು ಕೊರೆದು ನೋಡಿದವರಿದ್ದಾರೆ. ಗದಗ ಕಡೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದಿನ ಕಾಲದ ಜಾಲಗಾರರು ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳ ಬಂಗಾರದ ಬಗ್ಗೆ 1874ರಲ್ಲೇ ಬರೆದಿಟ್ಟಿದ್ದಾನೆ. ಆದರೆ ನಮ್ಮ ಕಡೆಯ ಬಂಗಾರಕ್ಕೆ ಆಸ್ಟ್ರೇಲಿಯಾದ ಬಂಗಾರದಂತೆ ಗಟ್ಟಿಯಾಗಿ ಮಲಗುವ ರೂಢಿಯಿಲ್ಲ. ಅದು ಕಲ್ಲಿನೊಳಗೆ ಕಣ್ಣಿಗೆ ಕಾಣದ ಕಣವಾಗಿ ಅಡಗಿರುತ್ತದೆ. ಹಟ್ಟಿಯ ಗಣಿಯಲ್ಲಿ ಟನ್‌ಗಟ್ಟಲೆ ಅದಿರು ಮೇಲೆ ತಂದು ಅರೆಯುವುದು ಟನ್ನಿಗೆ ಸಿಗುವ ಕೆಲವೇ ಗ್ರಾಮಿಗಾಗಿ. ಅಂಥ ಕಣ ಚಕ್ರದ ಕೆಳಗೇ ಇದ್ದರೂ ಮಷಿನ್ನು ತುಟಿ ಬಿಚ್ಚುವುದಿಲ್ಲ. ಇದನ್ನು ಮಾವನಿಗೆ ತಿಳಿಸಿ ಹೇಳಿದವರಿಗೆ ಸಿದ್ಧ ಉತ್ತರವಿದೆ: ‘ನಾ ಹುಡುಕೂದು ದೇವರು ಇಟ್ಟ ಬಂಗಾರ ಅಲ್ಲ. ರಾಜರು ಇಟ್ಟದ್ದು.’

ರಾಜರ ವಿಷಯಕ್ಕೆ ಬಂದರೆ ಅಬಲೂರು ಬಡ ಊರಲ್ಲ. ಏಕಾಂತದ ರಾಮಯ್ಯನ ಕಥೆ ಹೇಳುವ, 1200ರ ಸುಮಾರಿನ ಶಾಸನ ಇಲ್ಲಿದೆ. ಕಳಚುರಿ ಬಿಜ್ಜಳ, ಚಾಲುಕ್ಯ ಸೋಮೇಶ್ವರ, ಹಾನಗಲ್ಲಿನ ಕದಂಬ ಕಾಮದೇವ ಎಲ್ಲರೂ ಅದರಲ್ಲಿ ಬಂದು ಹೋಗುತ್ತಾರೆ. ರಾಮಯ್ಯನ ಕತ್ತರಿಸಿದ ತಲೆ ಏಳನೆಯ ದಿನಕ್ಕೆ ಮರಳಿ ಬಂದು ಕೂತಿತು ಎಂದು ಕಲ್ಲಿನ ಮೇಲೆ ಬರೆದಿರುವ ಊರಿನಲ್ಲಿ, ಹೂತಿಟ್ಟ ಕೊಪ್ಪರಿಗೆ ಮೇಲೆ ಬರಲಾರದು ಎಂದು ವಾದಿಸುವುದು ಕಷ್ಟ. ಈ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದವನು ಫ್ಲೀಟ್ ಸಾಹೇಬ. ಆತನ ಮೇಲೆ ಮಾವನಿಗೆ ಒಂದು ಗುಮಾನಿ. ‘ಬರೇ ಓದಾಕ ಯಾವ ಸಾಹೇಬ ಇಷ್ಟ ದೂರ ಬರ್ತಾನ್ರಿ?’

ಶಾಸನದ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಹಸು, ಕರು ಕೆತ್ತಿರುವುದನ್ನು ಎಲ್ಲರೂ ನೋಡಿರುತ್ತಾರೆ. ನಿಧಿ ಹುಡುಕುವವರ ಕಣ್ಣಿಗೆ ಅದು ನಕಾಶೆ. ಹಸುವಿನ ಮೋರೆ ಯಾವ ಕಡೆಗಿದೆಯೋ ಆ ದಿಕ್ಕು, ಕರು ಕೆಚ್ಚಲಿಗೆ ಬಾಯಿ ಹಾಕಿದೆ ಎಂದರೆ ಕೆಳಗೆ ‘ಮಾಲು’ ಇದೆ. ಊರಿನ ನಿವೃತ್ತ ಕನ್ನಡ ಮಾಸ್ತರರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಎಂಬುದಷ್ಟೇ ಅದರ ಅರ್ಥ ಎಂದು ಅವರು ಎಷ್ಟು ಸಲ ಹೇಳಿದ್ದಾರೋ. ಮಾವ ಬಿಡುವವರಲ್ಲ.

‘ಮಾಸ್ತರ್ರ, ಶಾಸನದಾಗ ಗದ್ಯಾಣ, ಗದ್ಯಾಣ ಅಂತ ಬರದಿರ್ತಾರ. ಗದ್ಯಾಣ ಅಂದ್ರ ಬಂಗಾರದ ನಾಣ್ಯ ಹೌದೋ ಅಲ್ಲೋ?’

‘ಹೌದು. ದೇವರ ದೀಪದ ಎಣ್ಣಿಗೆ ಕೊಟ್ಟದ್ದು. ಎಂಟುನೂರು ವರ್ಷದ ಹಿಂದನ ಅದು ಉರದು ಹೋಗೇತಿ. ಇನ್ನ ಬತ್ತಿ ಅಗೀತೀರೇನು?’

ಮಾಸ್ತರರು ಇಷ್ಟಕ್ಕೇ ನಿಲ್ಲಿಸುವುದಿಲ್ಲ. ದಾನವನ್ನು ಕೆಡಿಸಿದವನು 60 ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಶಾಸನಗಳ ತುದಿಯಲ್ಲಿ ಇರುತ್ತದೆ ಎಂದು ನೆನಪಿಸುತ್ತಾರೆ. ಮಾವ ಮನಸ್ಸಿನಲ್ಲೇ ಪೆನ್ಶನ್ ಲೆಕ್ಕ ಹಾಕುವವರಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

ಹಾಗಂತ ಅವರನ್ನು ನಿಧಿಗಳ್ಳರ ಸಾಲಿಗೆ ಸೇರಿಸುವುದು ಅನ್ಯಾಯ. ಅಮಾವಾಸ್ಯೆ ರಾತ್ರಿ ಹಾಳು ಗುಡಿಗೆ ನುಗ್ಗಿ ನಂದಿಯನ್ನು ಉರುಳಿಸಿ, ಲಿಂಗವನ್ನು ಕಿತ್ತು, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುವ ಕಿರಾತಕರು ಈ ಸೀಮೆಯಲ್ಲಿ ಎಷ್ಟು ಗುಡಿ ಕೆಡಿಸಿದ್ದಾರೆಂದು ನೋಡಿದವರಿಗೆ ನಗು ಬರುವುದಿಲ್ಲ. ಮಾವ ಅಂಜನ ಹಾಕಿಸಿದವರಲ್ಲ, ಕಾಲು ಮುಂದಾಗಿ ಹುಟ್ಟಿದ ಹುಡುಗನನ್ನು ಹುಡುಕಿಕೊಂಡು ಹೋದವರಲ್ಲ. ಗುಡಿಯ ಆವರಣಕ್ಕೆ ಮಷಿನ್ನು ಒಯ್ಯುವುದಿಲ್ಲ. ಹಾಡುಹಗಲು, ಹೊಲದ ಯಜಮಾನನ ಒಪ್ಪಿಗೆ ಪಡೆದು, ಸಿಕ್ಕಿದ್ದರಲ್ಲಿ ಅರ್ಧರ್ಧ ಎಂದು ಬಾಂಡ್ ಪೇಪರಿನ ಮೇಲೆ ಸಹಿ ಮಾಡಿಸಿಕೊಂಡೇ ಚಕ್ರ ಇಳಿಸುತ್ತಾರೆ. ರಾಮಯ್ಯನ ತಲೆಯ ಪವಾಡಕ್ಕೂ ಮೊದಲು ಓಲೆಯ ಮೇಲೆ ಕರಾರು ಬರೆಸಿಕೊಂಡ ಊರಿನವರು, ಬಾಯಿಮಾತನ್ನು ನಂಬುವುದು ಹೇಗೆ? ಯಜಮಾನರೂ ಕಡಿಮೆಯಿಲ್ಲ. ‘ಅಲ್ಲೊಂದು ಇಲ್ಲೊಂದು ತಗ್ಗು ಯಾಕ ತಗೀತೀರಿ ಮಾವಾರ, ಇಡೀ ಎರಡೆಕರೆ ಅಗದ ಬಿಡ್ರಿ. ರೋಹಿಣಿ ಮಳಿಗೆ ಬಿತ್ತಿಬಿಡ್ತೇನಿ’ ಎಂದು ಒಬ್ಬ ಕೇಳಿಯೇಬಿಟ್ಟ.

ಕಾಯಿದೆ ಕೂಡ ಮಾವನಿಗೆ ಸ್ಟೇಜ್ ದರದ ಪಟ್ಟಿಯಂತೆ ಬಾಯಿಪಾಠ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ನೆಲದಲ್ಲಿ ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕು. 1962ರಲ್ಲಿ ನಮ್ಮ ರಾಜ್ಯವೂ ತನ್ನದೇ ಕಾಯಿದೆ ಮಾಡಿಕೊಂಡಿತು. ಆದರೆ ಮಾವನಿಗೆ ಹಿಡಿಸಿರುವುದು ಆ ಹತ್ತು ರೂಪಾಯಿಯ ಗೆರೆ. ‘ಇಲ್ಲೀತನ ಸಿಕ್ಕದ್ದೆಲ್ಲಾ ಕೂಡಿಸಿದ್ರೂ ಹತ್ತು ರೂಪಾಯಿ ದಾಟೂದಿಲ್ಲ. ಯಾವ ಸರ್ಕಾರನೂ ನನ್ನ ಮುಟ್ಟಾಂಗಿಲ್ಲ’ ಎನ್ನುವಾಗ ಅವರ ಮುಖದಲ್ಲಿ ಒಂದು ನಮೂನೆಯ ಹೆಮ್ಮೆಯಿರುತ್ತದೆ.

ಸಿಕ್ಕಿದ್ದಾದರೂ ಏನು? ಆ ಚರ್ಮದ ಚೀಲವನ್ನು ಒಮ್ಮೆ ಜಗಲಿಯ ಮೇಲೆ ಸುರಿದು ತೋರಿಸಿದರು. ಕುಂಟೆಯ ಕುಡದ ತುಂಡು, ಟ್ರ್ಯಾಕ್ಟರಿನ ನಟ್ಟು, ಒಂದು ಬೀಗ, ಬೀಗಕ್ಕೆ ಸಂಬಂಧವಿಲ್ಲದ ಕೀಲಿಕೈ, ನಡುವೆ ತೂತಿರುವ 1944ರ ಒಂದು ಕಾಸು. ಉಳಿದದ್ದೆಲ್ಲ ಮಾತ್ರೆಯ ಹಾಳೆ. ಇದರಲ್ಲಿ ಮಷಿನ್ನಿನ ದೊಡ್ಡ ಮರ್ಮ ಇದೆ. ಚಕ್ರ ನೆಲಕ್ಕೆ ಕಾಂತದ ಅಲೆ ಬಿಡುತ್ತದೆ, ಒಳಗಿನ ಲೋಹದಲ್ಲಿ ವಿದ್ಯುತ್ತು ಸುಳಿದಾಡಿ ಮಾರುತ್ತರ ಕೊಡುತ್ತದೆ, ಆ ಉತ್ತರವನ್ನು ಮಷಿನ್ನು ಒಂದು ಅಂಕಿಯಾಗಿ ಪರದೆಯ ಮೇಲೆ ತೋರಿಸುತ್ತದೆ. ಕಬ್ಬಿಣಕ್ಕೆ ಸಣ್ಣ ಅಂಕಿ, ಬೆಳ್ಳಿ ತಾಮ್ರಕ್ಕೆ ದೊಡ್ಡದು. ಬಂಗಾರದ ಸಣ್ಣ ಒಡವೆಯ ಅಂಕಿ ನಡುವೆಲ್ಲೋ ಬರುತ್ತದೆ, ತೆಳು ಅಲ್ಯೂಮಿನಿಯಂ ಹಾಳೆಯದೂ ಅಲ್ಲೇ! ಉಂಗುರಕ್ಕೂ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆಗೂ ಮಷಿನ್ನು ಒಂದೇ ಗೌರವ ಕೊಡುತ್ತದೆ. ಅದರಿಂದಾಗಿ ಮಾವನಿಗೆ ಬಂಗಾರ ಸಿಗದಿದ್ದರೂ ಊರಿನ ಆರೋಗ್ಯದ ಸಮಸ್ತ ಮಾಹಿತಿ ಸಿಕ್ಕಿದೆ. ಯಾರ ಹೊಲದ ಬದುವಿನಲ್ಲಿ ಶುಗರ್ ಮಾತ್ರೆ, ಯಾರ ಬೇವಿನಮರದ ಬುಡದಲ್ಲಿ ಬಿ.ಪಿ. ಮಾತ್ರೆ ಎಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ‘ತನಗೇನೂ ಇಲ್ಲ, ಗಟ್ಟಿ ಅದೇನಿ ಅಂತಿದ್ನಲ್ಲ ಆ ಗೌಡ, ಅವನ ಹೊಲದಾಗ ಒಂದ ಬುಟ್ಟಿ ಸಿಕ್ಕಾವು’ ಎಂದು ದನಿ ತಗ್ಗಿಸಿದರು.

ಯಾರಾದರೂ ನಕ್ಕರೆ ಮಾವ ಗ್ರಹಾಂ ಬೆಲ್‌ನನ್ನು ಮುಂದೆ ನಿಲ್ಲಿಸುತ್ತಾರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಗುಲಿದಾಗ, ಮೈಯಲ್ಲಿದ್ದ ಗುಂಡು ಪತ್ತೆ ಮಾಡಲು ಟೆಲಿಫೋನಿನ ಬೆಲ್ ಇಂಥದೇ ಯಂತ್ರ ಕಟ್ಟಿಕೊಂಡು ಹೋಗಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯ ಸ್ಪ್ರಿಂಗುಗಳು ಅವನ ಯಂತ್ರದ ದಾರಿ ತಪ್ಪಿಸಿದವು ಎನ್ನುತ್ತಾರೆ. ‘ಅಂಥಾವಗ ಮಂಚ ಮೋಸ ಮಾಡೇತಿ, ನನಗ ಮಾತ್ರಿ ಮೋಸ ಮಾಡಿದ್ರ ಏನ್ ದೊಡ್ಡದು?’

ಊರವರು ಈ ಮಷಿನ್ನನ್ನು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಗೋವಿನಜೋಳದ ರಾಶಿ ಮಾಡುವಾಗ ಟ್ರ್ಯಾಕ್ಟರಿನ ಪಿನ್ನು ಕಳೆಯಿತೆಂದು ಒಬ್ಬ ಬಂದ. ಮಣ್ಣು ಮುಚ್ಚಿದ ನೀರಿನ ವಾಲ್ವ್ ಎಲ್ಲಿದೆ ನೋಡಿ ಹೇಳಿ ಎಂದು ಪಂಚಾಯಿತಿಯ ನೀರು ಬಿಡುವವನು ಬಂದ. ರಾಜರ ಕೊಪ್ಪರಿಗೆಗೆ ಮೀಸಲಾದ ಯಂತ್ರವನ್ನು ನಟ್ಟು ಬೋಲ್ಟಿಗೆ ಕರೆಯುತ್ತಾರೆಂದು ಮಾವನಿಗೆ ಸಿಟ್ಟು. ಹೋಗದೆ ಇರಲೂ ಆಗದು, ಕರೆದವರೆಲ್ಲ ಒಂದಲ್ಲ ಒಂದು ದಿನ ಹೊಲ ಕೊಡಬೇಕಾದವರು. ಒಮ್ಮೆ ಕಳೆ ತೆಗೆಯಲು ಹೋದ ಹೆಣ್ಣುಮಗಳೊಬ್ಬಳ ಬೆಂಡೋಲೆ ಮೆಣಸಿನ ಗಿಡದ ಸಾಲಿನಲ್ಲಿ ಬಿದ್ದುಹೋಯಿತು. ಮಾವ ಬಂದರು, ಎರಡು ಸಾಲು ದಾಟುವುದರೊಳಗೆ ‘ಹೋಲ್ಡಾನ್’ ಎಂದರು. ಓಲೆ ಸಿಕ್ಕಿತು. ಆ ಯಂತ್ರ ಅಬಲೂರಿನ ನೆಲದಿಂದ ಎತ್ತಿದ ಮೊದಲ ಬಂಗಾರ ಅದು, ಅದಕ್ಕೆ ಯಜಮಾನಿತಿ ಎದುರಿಗೇ ನಿಂತಿದ್ದಳು. ‘ನಿಮ್ಮ ಹೊಟ್ಟಿ ತಣ್ಣಗಿರಲಿ ಮಾವಾರ’ ಎಂದು ಕಣ್ಣೀರು ಒರೆಸಿಕೊಂಡಳು. ಮಾವ ಮಾತ್ರ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ‘ನಿನ್ನೆ ಬಿದ್ದದ್ದು ಇವತ್ತ ಸಿಗೂದು ಏನ್ ಸಂಶೋಧನಿ?’

ಲೆಕ್ಕಕ್ಕೆ ಹಿಡಿದವರು ಅತ್ತೆ. ಇಲ್ಲಿ ಒಂದು ಮನೆಯ ಗುಟ್ಟು ಹೇಳಬೇಕು. ಮಷಿನ್ನಿಗೆ ಹಣ ಹೊಂದಿಸಿದ್ದು ಅತ್ತೆಯ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು. ‘ಬಂಗಾರ ಎಲ್ಲೈತಿ ಅಂತ ಊರೆಲ್ಲಾ ಅಗೀತಾರ. ನನ್ನ ಕೇಳಿದ್ರ ಹೇಳ್ತಿದ್ನಿ, ಹಿರೇಕೆರೂರಾಗ ಸೊಸೈಟಿ ತಿಜೋರ್ಯಾಗ ಐತಿ. ರಸೀದಿ ಸೈತ ಐತಿ’ ಎಂದು ಅವರು ಬಂದವರಿಗೆಲ್ಲ ಚಹಾದ ಜೊತೆ ಹೇಳುತ್ತಿದ್ದರು. ಬೆಂಡೋಲೆಯ ಪ್ರಕರಣವಾದ ಮೇಲೆ ಹೇಳುವುದನ್ನು ಬಿಟ್ಟು ಒಂದು ನೋಟ್‌ಬುಕ್ಕು ತಂದಿಟ್ಟರು. ಕಳೆದದ್ದು ಸಿಕ್ಕರೆ ಇನ್ನೂರು, ಸಿಗದಿದ್ದರೆ ಐವತ್ತು, ಪಕ್ಕದೂರಾದರೆ ಪೆಟ್ರೋಲು ಬೇರೆ. ಚಿಲ್ಲರೆ ತಂದಿರಬೇಕು ಎಂಬುದು ಅತ್ತೆಯದೇ ಷರತ್ತು. ಸೊಸೈಟಿಯ ಬಡ್ಡಿ ಈಗ ತಿಂಗಳು ತಪ್ಪದೆ ಕಟ್ಟಿಹೋಗುತ್ತಿದೆ, ಮಾವನಿಗೆ ಅದು ಗೊತ್ತೇ ಇಲ್ಲ ಎಂದು ಕಟ್ಟೆಯವರು ಹೇಳುತ್ತಾರೆ. ನನಗೇನೋ ಅವರಿಗೆ ಗೊತ್ತಿದೆ ಎಂದೇ ಅನುಮಾನ. ಗೊತ್ತಿಲ್ಲದಂತೆ ಇರುವುದರಲ್ಲಿ ಕಂಡಕ್ಟರುಗಳನ್ನು ಮೀರಿಸುವವರಿಲ್ಲ.

ಮೊನ್ನೆ ಹೋದಾಗ ಮಾವ ಮನೆಯಲ್ಲಿರಲಿಲ್ಲ. ರಾತ್ರಿ ಮಳೆಯಾಗಿತ್ತು, ಹಸಿ ನೆಲದಲ್ಲಿ ಮಷಿನ್ನು ಚೆನ್ನಾಗಿ ನುಡಿಯುತ್ತದೆಂದು ಬೆಳಗ್ಗೆಯೇ ಹೋಗಿದ್ದರು. ಅತ್ತೆಯ ಕಿವಿಯಲ್ಲಿ ಫೋನು, ತೊಡೆಯ ಮೇಲೆ ನೋಟ್‌ಬುಕ್ಕು.

‘ಮೂಗುತಿ ಏನ್ರಿ? ಎಲ್ಲಿ, ಕಣದಾಗ? ಈಗ ಆಗೂದಿಲ್ರಿ ಯಕ್ಕಾ, ಅವರು ಬಿಜ್ಜಳನ ನಿಧಿ ಹುಡುಕಾಕ ಹೋಗ್ಯಾರ. ಊಟದ ಹೊತ್ತಿಗೆ ಮುಗೀತೈತಿ. ಮೂರು ಗಂಟೆಕ್ಕ ಕಳಸ್ತೇನಿ. ಕಣಾ ಯಾರೂ ಕಸ ಹೊಡೀಬ್ಯಾಡ್ರಿ ಮತ್ತ.’