ಆಪ್ಷನ್ ಕಾಕಾ

ಶಹಾಪುರದ ಬೆಟ್ಟದ ಮೇಲೆ ಬುದ್ಧ ಮಲಗಿದ್ದಾನೆ. ಬಸ್ಸಿನ ಕಿಟಕಿಯಿಂದ ಕೈಮಾಡಿ ‘ಅಕಾ ಮೂಗು, ಅಕಾ ಎದಿ’ ಎಂದು ಮಕ್ಕಳಿಗೆ ತೋರಿಸುವ ಬೆಟ್ಟ ಅದು. ಸಿಇಟಿ ಫಲಿತಾಂಶ ಬಂದ ದಿನದಿಂದ ಸೀಟು ಹಂಚಿಕೆ ಮುಗಿಯುವ ತನಕ ಇಡೀ ತಾಲ್ಲೂಕಿನಲ್ಲಿ ನೆಮ್ಮದಿಯಾಗಿ ಮಲಗಿರುವವನು ಅವನೊಬ್ಬನೇ. ಪಿಯುಸಿ ಮುಗಿಸಿದ ಮಕ್ಕಳಿರುವ ಉಳಿದವರೆಲ್ಲ, ಯಾವ ಕಾಲೇಜನ್ನು ಎಷ್ಟನೇ ನಂಬರಿಗೆ ಹಾಕಬೇಕೆಂದು ಹೇಳಿಕೊಡುವ ಆಪ್ಷನ್ ಕಾಕಾನ ಮನೆಯ ಕಟ್ಟೆಯ ಮೇಲಿರುತ್ತಾರೆ.

ಕಾಕಾ ಒಬ್ಬರೇ ಅಲ್ಲ. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲೊಬ್ಬರು, ಸುರಪುರದ ರಂಗಂಪೇಟೆಯಲ್ಲೊಬ್ಬರು, ನಮ್ಮ ಶಹಾಪುರದಲ್ಲಂತೂ ಓಣಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಬಗಲಲ್ಲಿ ದಾರ ಕಟ್ಟಿದ ಫೈಲು. ಜೇಬಿನಲ್ಲಿ ಮೂರು ಪೆನ್ನು, ಬರೆಯುವುದು ಒಂದು. ಹೋದ ವರ್ಷದ ಕಟಾಫ್ ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ, ಗಾಳಿ ಇಲ್ಲದಾಗ ಅದರಿಂದಲೇ ಬೀಸಿಕೊಳ್ಳುತ್ತಿರುತ್ತಾರೆ. ತಮ್ಮ ಜೀವಮಾನದಲ್ಲಿ ಅವರು ಹಿಡಿದ ಸೀಟುಗಳೆಲ್ಲ ಕೆಂಪು ಬಸ್ಸಿನವು, ಅದೂ ಕಿಟಕಿಯಿಂದ ಟವೆಲ್ ಎಸೆದು. ಕಾಲೇಜು ಸೀಟನ್ನೂ ಹಾಗೇ ಹಿಡಿಯಬಹುದು, ಎಸೆಯುವ ಹೊತ್ತು ಗೊತ್ತಿರಬೇಕು ಅಷ್ಟೇ ಎಂಬುದು ಅವರ ಗಟ್ಟಿ ನಂಬಿಕೆ.

ರಂಗಂಪೇಟೆಯ ಕಾಕಾ ಅಂತೂ ಈ ಕಸುಬಿಗೆ ಇತಿಹಾಸವನ್ನೇ ಹುಡುಕಿಟ್ಟಿದ್ದಾರೆ. “ನಮ್ಮೂರಾಗ ಮೊದಲನೇ ಕೌನ್ಸೆಲಿಂಗ್ ಮಾಡಿದಾವ ಟೇಲರ್ ಸಾಹೇಬ, ತಿಳೀತಿಲ್ಲ?” 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದು ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡದ್ದು, ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದದ್ದು ನಿಜ. ಅಷ್ಟೆಲ್ಲ ಬುದ್ಧಿ ಹೇಳಿಸಿಕೊಂಡ ಹುಡುಗ 1858ರ ಹೊತ್ತಿಗೆ ಟೇಲರನ ಸರ್ಕಾರದ ಮೇಲೆಯೇ ಕತ್ತಿ ಹಿರಿದ. ಕೌನ್ಸೆಲಿಂಗ್ ಮಾಡಿಸಿಕೊಂಡವರು ಹೇಳಿದ ಹಾಗೆ ಕೇಳುವುದಿಲ್ಲ ಎಂಬ ಈ ಭಾಗವನ್ನು ಮಾತ್ರ ಕಾಕಾ ಹೇಳುವುದಿಲ್ಲ.

ಕಾಕಾನ ಮೊದಲ ಪ್ರಶ್ನೆ ರ್‍ಯಾಂಕ್ ಎಷ್ಟು ಎಂದಲ್ಲ. “ತ್ರೀ ಸೆವೆಂಟಿ ಒನ್ ಜೆ ತೆಗೆಸೀರೇನು?”

ಇಲ್ಲಿ ಕಾಕಾನನ್ನು ಮೆಚ್ಚಲೇಬೇಕು. ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಭಾಗದ ಮಕ್ಕಳಿಗೆ, ಹೊರಗಿನ ಕಾಲೇಜುಗಳಲ್ಲಿ 8. ಆ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಪತ್ರವಿಲ್ಲದಿದ್ದರೆ ಯಾದಗಿರಿಯಲ್ಲಿ ಹುಟ್ಟಿ, ಯಾದಗಿರಿಯ ಬಿಸಿಲು ಕುಡಿದು, ಇಲ್ಲೇ ಕರ್‍ರಗಾದ ಹುಡುಗನೂ ಗಣಕಯಂತ್ರದ ಕಣ್ಣಿಗೆ ಬೆಂಗಳೂರಿನವನೇ. ಎಷ್ಟೋ ಮನೆಯವರಿಗೆ ಇದು ನೆನಪಾಗುವುದು ಕೊನೆಯ ವಾರದಲ್ಲಿ. ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮಕ್ಕೆ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪತ್ರ ಬೇಕು, ಅದರ ಮೇಲೆ ಬಿಇಒ ಸಹಿ ಬೇಕು. ಈ ಸಹಿಗಳ ಹಿಂದೆ ಅಲೆದು ಎಷ್ಟೋ ಅಪ್ಪಂದಿರ ಬಿಪಿ ಮಕ್ಕಳ ಪರ್ಸೆಂಟೇಜನ್ನೂ ಮೀರಿದೆ. ಕಾಕಾ ಜನವರಿಯಿಂದಲೇ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ನೆನಪಿಸುತ್ತಾರೆ. ಮದುವೆಯ ಪಂಗತಿಯಲ್ಲಿ ಹುಗ್ಗಿ ಬಡಿಸುತ್ತಲೂ ನೆನಪಿಸುತ್ತಾರೆ.

ಆಪ್ಷನ್ ತುಂಬಲು ಕೂತರೆ ಮಾತ್ರ ಕಾಕಾ ಬೇರೆಯೇ ಮನುಷ್ಯ. “ನಿಮಗ ಭಾಳ ಬೇಕಾಗಿದ್ದು ಒಂದನೇ ನಂಬರಿಗೆ ಹಾಕಬ್ಯಾಡ್ರಿ, ನಜರ್ ಆಗ್ತದ. ನಾಕರಾಗ ಇಡ್ರಿ.” ಇದನ್ನು ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ. ಯಂತ್ರಕ್ಕೆ ನಾಚಿಕೆ ಗೊತ್ತಿಲ್ಲ. ಅದು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ನಿಮ್ಮ ರ್‍ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಟ್ಟು ಮುಂದೆ ಹೋಗುತ್ತದೆ. ಬೇಕಾದದ್ದನ್ನು ನಾಲ್ಕರಲ್ಲಿ ಬಚ್ಚಿಟ್ಟು ಬೇಡದ್ದನ್ನು ಒಂದರಲ್ಲಿಟ್ಟರೆ ಬೇಡದ್ದೇ ಗಂಟುಬೀಳುತ್ತದೆ. ಇದನ್ನು ಹೇಳಿದರೆ ಕಾಕಾ ಕಟಾಫ್ ಪಟ್ಟಿಯಿಂದ ಎರಡು ಸಲ ಗಾಳಿ ಹಾಕಿಕೊಂಡು, “ನೀವು ಬರಿಯೋರು, ಬರೀರಿ” ಎನ್ನುತ್ತಾರೆ.

ನಾನೀಗ ಬರೆಯುತ್ತಿರುವುದು ಭೀಮರಾಯನಗುಡಿಯ ಹತ್ತಿರದ ಒಂದು ಹಳ್ಳಿಯ ಹುಡುಗನ ಸಂಗತಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. ಮರುವರ್ಷ ದ್ವಿತೀಯ ಪಿಯುನಲ್ಲೂ ಹೀಗೇ ಆಯಿತು, ಆ ಮಾತು ಬೇರೆ. ಉಡುಪಿ ಕಡೆಯ ನೀರಿನಲ್ಲೇ ಏನೋ ಇರಬೇಕೆಂದು ಲೆಕ್ಕ ಹಾಕಿದ ಕಾಕಾ, ಹುಡುಗನನ್ನು ಪಿಯುಸಿಗೆ ಕರಾವಳಿಯ ಒಂದು ಹಾಸ್ಟೆಲ್ಲಿಗೆ ಕಳಿಸಲು ಅವರಪ್ಪನನ್ನು ಒಪ್ಪಿಸಿದರು. ಎರಡು ವರ್ಷದ ಹತ್ತಿಯ ದುಡ್ಡು ಅಲ್ಲಿಗೆ ಹೋಯಿತು. ಖಡಕ್ ರೊಟ್ಟಿ ಉಂಡು ಬೆಳೆದವನು ಕುಚ್ಚಲಕ್ಕಿ ಅನ್ನ ಉಂಡು, ಮಳೆಯಲ್ಲಿ ನೆಂದು, “ಹೌದಾ ಮಾರಾಯ್ರೆ” ಎನ್ನುವುದನ್ನು ಕಲಿತು ಬಂದ. ಯಾದಗಿರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆದಮೇಲೆ ಮಗ ಡಾಕ್ಟರಾಗಲಿ ಎಂದು ಅಪ್ಪನ ಆಸೆ. ಅವ್ವ ತಿಂಥಣಿ ಮೌನಪ್ಪನಿಗೆ ಹರಕೆ ಹೊತ್ತಳು. ನೀಟ್‌ನ 720 ಅಂಕಗಳಲ್ಲಿ ಹುಡುಗನಿಗೆ ಬಂದದ್ದು ಹೇಳಿಕೊಳ್ಳುವಷ್ಟಿರಲಿಲ್ಲ. ಮನೆಯಲ್ಲಿ ಮೂರು ದಿನ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಬಂಧುಗಳು ಮಾತ್ರ ಫೋನಿನಲ್ಲಿ ಧಾರಾಳವಾಗಿ ಮಾತಾಡಿದರು.

ಮೌನ ಮುರಿದವರು ಕಾಕಾ. ಮೋಟಾರ್ ಸೈಕಲ್ ನಿಲ್ಲಿಸುತ್ತಲೇ ಕೂಗಿದರು: “ಅಳೋದು ಬಿಡ್ರಿ, ಪಹಣಿ ತೆಗೀರಿ! ಕೃಷಿಕರ ಕೋಟಾ ಅದ!”

ಬಿಎಸ್ಸಿ ಅಗ್ರಿಗೆ ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ: ಬೀಜ, ಗೊಬ್ಬರ, ಸಾಮಾನು ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಮರುದಿನವೇ ಕಾಕಾ ತಮ್ಮ ಕಟ್ಟೆಯ ಮೇಲೆ ರಿಹರ್ಸಲ್ ಇಟ್ಟರು. ಹನ್ನೆರಡು ಬಟ್ಟಲು, ಪ್ರತಿಯೊಂದರ ಕೆಳಗೆ ಚೀಟಿ. ಕೂರಿಗಿ, ಕುಂಟಿಗಳನ್ನು ಗೋಡೆಗೆ ಆನಿಸಿದ್ದರು. ಓಣಿಯವರೆಲ್ಲ ಸುಸಲಾ ಮಿರ್ಚಿ ತಿನ್ನುತ್ತಾ ಸುತ್ತ ಕೂತರು.

“ತೊಗರಿ ವೈಜ್ಞಾನಿಕ ಹೆಸರು?”

“ಕಜಾನಸ್ ಕಜಾನ್.” ಹುಡುಗ ಉಸಿರು ಬಿಡದೆ ಹೇಳಿದ. ಕಟ್ಟೆಯ ಮೇಲೆ ಚಪ್ಪಾಳೆ.

“ಶಾಬಾಸ್! ಈಗ ಇದರಾಗ ತೊಗರಿ ಯಾವುದು ತೋರ್ಸು.”

ಹುಡುಗನ ಕೈ ಮಡಕಿ ಕಾಳಿನ ಬಟ್ಟಲಿಗೆ ಹೋಯಿತು. ತೊಗರಿ ಸೀಮೆಯ ಆ ಕಟ್ಟೆಯ ಮೇಲೆ ಆ ಕ್ಷಣ ಎಂಥ ಮೌನ ಬಿತ್ತೆಂದರೆ ಮಿರ್ಚಿ ಕಡಿಯುವ ಸಪ್ಪಳವೂ ನಿಂತಿತು. ಗುರೆಳ್ಳಿಗೆ ಶಾಹಿ ಜೀರಾ ಎಂದ. ಕೂರಿಗಿಯನ್ನು ಬಹಳ ಹೊತ್ತು ನೋಡಿ, “ಇದು ಪ್ರೊಜೆಕ್ಟ್ ಮಾಡೆಲ್ಲಾ?” ಎಂದು ಕೇಳಿದ. ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಮೊಮ್ಮಗನ ಜೊತೆ ಬಂದಿದ್ದ ಮುತ್ಯಾ ಆವರೆಗೆ ಗೋಡೆಗೊರಗಿ ತೂಕಡಿಸುತ್ತಿದ್ದ. ಒಂದು ಕಣ್ಣಿಗೆ ಪೊರೆ, ಓದಿದ್ದು ಸೊನ್ನೆ. ಎದ್ದು ಬಂದು ಬಟ್ಟಲಿಗೊಮ್ಮೆ ಕೈಹಾಕುತ್ತಾ ಹೋದ. “ಇದು ಸಜ್ಜಿ. ಇದು ಪುಂಡಿ ಬೀಜ. ಇದು ಕುಸುಬಿ, ಹ್ವಾದ ವರ್ಷದ್ದದ, ಬಿತ್ತಿದ್ರ ಏಳಾಂಗಿಲ್ಲ.” ಬಿಳಿ ಹರಳಿನ ಬಟ್ಟಲಿಗೆ ಬಂದಾಗ ಕಾಕಾ ತಡೆದರು. “ಮುತ್ಯಾ, ಅದು ಯೂರಿಯಾ, ಬಾಯಾಗ ಹಾಕಬ್ಯಾಡ.”

ಮುತ್ಯಾ ಬಾಯಲ್ಲೇ ಹಾಕಿಕೊಂಡ. ಅಗಿದು ಹೇಳಿದ: “ಯೂರಿಯಾ ಯಾರಂದ್ರು? ಸಬ್ಬಕ್ಕಿ ಅದ.”

ಒಳಗಿಂದ ಕಾಕು ಕೂಗಿದರು: “ಮನ್ಯಾಗ ಯೂರಿಯಾ ಎಲ್ಲಿಂದ ತರಲಿ? ಕಂಡಿದ್ದು ಇಟ್ಟೀನಿ!”

“ಈ ಮುತ್ಯಾಗೇ ಸೀಟ್ ಕೊಡ್ಲಾಕ ಬರ್ತದೇನು ನೋಡ್ರಿ ಕಾಕಾ” ಎಂದು ಯಾರೋ ಅಂದರು. ಕಾಕಾ ನಗಲಿಲ್ಲ. ಮೂರು ವಾರ ಹುಡುಗನನ್ನು ಮುತ್ಯಾನ ಸುಪರ್ದಿಗೆ ಕೊಟ್ಟುಬಿಟ್ಟರು. ನಾನು ಕಂಡಂತೆ ಅವರು ಕೊಟ್ಟ ಅತ್ಯುತ್ತಮ ಸಲಹೆ ಅದೊಂದೇ. ಮುತ್ಯಾ ಹುಡುಗನನ್ನು ದಿನಾ ಹೊಲಕ್ಕೆ ಎಳೆದೊಯ್ದ. ಹುಡುಗ ಮೊದಮೊದಲು ಕೊಡೆ ಹಿಡಿದು ಹೋದ. ಆಮೇಲೆ ಟವೆಲ್ ಕಟ್ಟಿಕೊಂಡು ಹೋದ. ರಾತ್ರಿ ನಿದ್ದೆ ಬರಲು ಶುರುವಾಯಿತು ಎಂದು ಅವ್ವ ನನ್ನ ಹೆಂಡತಿಗೆ ಗುಟ್ಟಾಗಿ ಹೇಳಿದಳು.

ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಸೀಟು ಹಂಚಿಕೆಯ ರಾತ್ರಿ ಕಾಕಾನ ಕಟ್ಟೆಯ ಮೇಲೆ ಜಾತ್ರೆಯಂಥ ಜನ. ಸರ್ವರ್ ತಿರುಗುತ್ತಲೇ ಇತ್ತು. ಓಟಿಪಿ ಅಪ್ಪನ ಫೋನಿಗೆ ಬರುತ್ತದೆ, ಅಪ್ಪ ನೆಟ್‌ವರ್ಕಿಲ್ಲದ ಹೊಲದಲ್ಲಿದ್ದಾನೆ. ಅವನನ್ನು ಬೈಕಿನಲ್ಲಿ ಹೊತ್ತು ತಂದದ್ದಾಯಿತು. ಕೊನೆಗೆ ಪುಟ ತೆರೆಯಿತು. ಕಾಕಾ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿದರು: “ಬಿಎಸ್ಸಿ ಅಗ್ರಿ. ಕೃಷಿ ಮಹಾವಿದ್ಯಾಲಯ, ಭೀಮರಾಯನಗುಡಿ.”

ಅವ್ವ ಕೈಮುಗಿದಳು. ಮುತ್ಯಾ ಕಿವಿಗೆ ಕೈ ಹಚ್ಚಿ ಕೇಳಿದ: “ಯಾವುದು? ನಮ್ ಎತ್ತು ಬಿಟ್ರ ತಾನಾ ಹೋಗಿ ಮೇದು ಬರ್ತದಲ್ಲ, ಆ ಕಾಲೇಜೇನು?”

“ಹೂಂ ಮುತ್ಯಾ, ಅದೇ.”

“ಮತ್ತ ಇಲ್ಲಿಗಿ ಬರ್ಲಾಕ ಪಾರನ್ನ ಎರಡು ವರ್ಷ ಸಮುದ್ರದ ದಂಡಿಗಿ ಯಾಕ್ ಕಳಿಸಿದ್ರಿ?”

ಕಟ್ಟೆಯ ಮೇಲಿನವರೆಲ್ಲ ಕಾಕಾನ ಕಡೆ ನೋಡಿದರು. ಕಾಕಾ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಚಾಯ್ಸ್ ಎರಡು ಒತ್ತಿ ಮುಂದಿನ ರೌಂಡ್ ನೋಡೂಣು. ಧಾರವಾಡ ಸಿಕ್ರೂ ಸಿಗಬಹುದು...”

“ನಾ ಚಾಯ್ಸ್ ಒಂದು ಒತ್ತೀನ್ರಿ ಕಾಕಾ, ಇದೇ ಸೀಟ್ ಸಾಕು,” ಎಂದ ಹುಡುಗ. ಫೋನನ್ನು ಆಗಲೇ ಜೇಬಿಗೆ ಹಾಕಿಕೊಂಡಿದ್ದ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು: “ಏಯ್, ಆ ಯೂರಿಯಾ ಎಲ್ಲಿಟ್ಟಿ? ಪಾಯಸಾ ಮಾಡು.”